ಅಮೆರಿಕದಲ್ಲಿ ಕ್ರೀಡಾ ಬೆಟ್ಟಿಂಗ್: ಯಾವ ರಾಜ್ಯದಲ್ಲಿ ಏನು ಕಾನೂನು, ಎಷ್ಟು ತೆರಿಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ನ್ಯೂಜೆರ್ಸಿಯಲ್ಲಿ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವ ಕೆಲಸ ಮಾಡುತ್ತೇನೆ. ಬರುವವರಲ್ಲಿ ನಮ್ಮ ಕನ್ನಡದವರೇ ಜಾಸ್ತಿ. ಮೊದಲೆಲ್ಲ ಅವರ ಪ್ರಶ್ನೆಗಳು ಊರಿನ ಸೈಟು, ಎಫ್‌ಡಿ ಬಡ್ಡಿ, ಅಪ್ಪನ ಹೆಸರಿನ ಮನೆ ಬಾಡಿಗೆ ಇಷ್ಟರಲ್ಲೇ ಮುಗಿಯುತ್ತಿದ್ದವು. ಈಗ ಫೆಬ್ರವರಿ ಬಂತೆಂದರೆ ಫೋನ್ ತೆಗೆದು ಬೆಟ್ಟಿಂಗ್ ಆಪ್ ತೋರಿಸಿ, "ಇದಕ್ಕೂ ಟ್ಯಾಕ್ಸ್ ಇದೆಯಾ?" ಎಂದು ಕೇಳುವವರು ಪ್ರತಿ ವರ್ಷ ಹೆಚ್ಚುತ್ತಿದ್ದಾರೆ. ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಇಲ್ಲಿರುವ ದರಗಳು 2025ರ ಕೊನೆಯ ಹೊತ್ತಿನವು.

ಅಮೆರಿಕದಲ್ಲಿ ಎಲ್ಲ ಕಡೆಯೂ ಬೆಟ್ ಕಟ್ಟಬಹುದಾ?

ಇಲ್ಲ. 39 ರಾಜ್ಯಗಳಲ್ಲಿ ಮತ್ತು ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ಕಾನೂನಿನ ಒಪ್ಪಿಗೆ ಇದೆ. ಕೊನೆಗೆ ಸೇರಿದ್ದು ಮಿಸೌರಿ. 2024ರ ನವೆಂಬರ್‌ನಲ್ಲಿ ಅಲ್ಲಿ ಜನಮತ ನಡೆಯಿತು. ಇಡೀ ರಾಜ್ಯದಲ್ಲಿ 3,000ಕ್ಕೂ ಕಡಿಮೆ ಮತಗಳ ಅಂತರದಲ್ಲಿ ಪಾಸಾಯಿತು. 2025ರ ಡಿಸೆಂಬರ್ 1ರಂದು ಅಲ್ಲಿ ಆಪ್‌ಗಳು ಶುರುವಾದವು.

ನಮ್ಮವರು ತುಂಬಾ ಇರುವ ಎರಡು ದೊಡ್ಡ ರಾಜ್ಯಗಳಲ್ಲಿ, ಅಂದರೆ ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಾಸ್‌ನಲ್ಲಿ, ಇನ್ನೂ ಒಪ್ಪಿಗೆ ಇಲ್ಲ. ಜಾರ್ಜಿಯಾ, ಮಿನೆಸೋಟಾಗಳಲ್ಲೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 2022ರಲ್ಲಿ ಎರಡು ಪ್ರಸ್ತಾವಗಳನ್ನು ಜನರ ಮುಂದೆ ಇಟ್ಟರು, ಜನ ಎರಡನ್ನೂ ತಿರಸ್ಕರಿಸಿದರು. ಸನ್ನಿವೇಲ್‌ನಲ್ಲೋ ಡಲ್ಲಾಸ್‌ನಲ್ಲೋ ಕೂತು ಯಾರದೋ ಮೂಲಕ "ಬುಕ್ಕಿ ಇದ್ದಾನೆ" ಎಂದು ಆಡುವುದು ಕಾನೂನಿನ ಹೊರಗಿನ ಆಟ. ಬೇಸ್‌ಬಾಲ್ ತಾರೆ ಶೋಹೇ ಒಟಾನಿಯ ದುಭಾಷಿ ಇಪ್ಪೇ ಮಿಜುಹಾರಾ ಕ್ಯಾಲಿಫೋರ್ನಿಯಾದಲ್ಲಿ ಇಂಥದೇ ಬುಕ್ಕಿಯ ಹತ್ತಿರ ಆಡಿದ. ಅದಕ್ಕಾಗಿ ಒಟಾನಿಯ ಖಾತೆಯಿಂದ ಸುಮಾರು 1.7 ಕೋಟಿ ಡಾಲರ್ ಕದ್ದ. 2025ರಲ್ಲಿ ಅವನಿಗೆ 57 ತಿಂಗಳ ಜೈಲು ಶಿಕ್ಷೆಯಾಯಿತು.

ಇಡೀ ದೇಶಕ್ಕೆ ಒಂದೇ ಕಾನೂನು ಯಾಕಿಲ್ಲ?

ಒಂದು ಇತ್ತು. 1992ರಲ್ಲಿ ಸಂಸತ್ತು ಮಾಡಿದ ಕಾಯ್ದೆಯನ್ನು ಎಲ್ಲರೂ 'ಪ್ಯಾಸ್ಪಾ' ಎಂದು ಕರೆಯುತ್ತಿದ್ದರು. ಯಾವ ರಾಜ್ಯವೂ ಹೊಸದಾಗಿ ಕ್ರೀಡಾ ಬೆಟ್ಟಿಂಗ್‌ಗೆ ಅನುಮತಿ ಕೊಡುವ ಹಾಗಿಲ್ಲ ಎಂದು ಅದು ಹೇಳಿತ್ತು. ಮೊದಲಿಂದ ನಡೆಸುತ್ತಿದ್ದ ನೆವಾಡಾ ಮತ್ತು ಇನ್ನು ಮೂರು ರಾಜ್ಯಗಳಿಗೆ ಮಾತ್ರ ವಿನಾಯಿತಿ ಇತ್ತು. ಅದನ್ನು ಮುಂದೆ ನಿಂತು ತಂದವರು ಬಿಲ್ ಬ್ರಾಡ್ಲಿ. ಹಿಂದೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಅವರು ಆಗ ನ್ಯೂಜೆರ್ಸಿಯ ಸೆನೆಟರ್.

ಅದೇ ನ್ಯೂಜೆರ್ಸಿ ಇಪ್ಪತ್ತು ವರ್ಷದ ನಂತರ ಆ ಕಾಯ್ದೆಯ ವಿರುದ್ಧ ತಿರುಗಿಬಿತ್ತು. ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊಗಳು ಸೊರಗುತ್ತಿದ್ದವು. 2011ರಲ್ಲಿ ಇಲ್ಲಿನ ಜನ ಬೆಟ್ಟಿಂಗ್‌ಗೆ ಹೂಂ ಅಂದರು. ಕೋರ್ಟಿನಲ್ಲಿ ವರ್ಷಗಟ್ಟಲೆ ಹೋರಾಟ ನಡೆದು, 2018ರ ಮೇ 14ರಂದು ಸುಪ್ರೀಂ ಕೋರ್ಟ್ ಪ್ಯಾಸ್ಪಾವನ್ನು ರದ್ದು ಮಾಡಿತು. ಕೋರ್ಟ್ ಹೇಳಿದ್ದು ಇಷ್ಟು: ಸಂಸತ್ತಿಗೆ ಬೇಕಿದ್ದರೆ ತಾನೇ ನೇರವಾಗಿ ಬೆಟ್ಟಿಂಗ್ ನಿಯಂತ್ರಿಸಲಿ, ಆದರೆ "ನೀವು ಇಂಥ ಕಾನೂನು ಮಾಡಬೇಡಿ" ಎಂದು ರಾಜ್ಯಗಳಿಗೆ ಅಪ್ಪಣೆ ಕೊಡುವಂತಿಲ್ಲ. ಸಂಸತ್ತು ಆಮೇಲೆ ಏನೂ ಮಾಡಲಿಲ್ಲ. ಹಾಗಾಗಿ ಪ್ರತಿ ರಾಜ್ಯವೂ ತನಗೆ ತೋಚಿದ ಹಾಗೆ ಕಾನೂನು ಮಾಡಿಕೊಂಡಿತು.

ನಾನು ಇರುವುದು ನ್ಯೂಜೆರ್ಸಿಯಲ್ಲಿ, ಕೆಲಸ ಬೇರೆ ರಾಜ್ಯದಲ್ಲಿ. ಯಾವ ರಾಜ್ಯದ ಕಾನೂನು ನನಗೆ?

ಬೆಟ್ ಒತ್ತುವ ಗಳಿಗೆಯಲ್ಲಿ ನಿಮ್ಮ ಫೋನ್ ಎಲ್ಲಿದೆಯೋ ಆ ರಾಜ್ಯದ್ದು. ನಿಮ್ಮ ಮನೆ ವಿಳಾಸ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. 1961ರ ವೈರ್ ಆ್ಯಕ್ಟ್ ಪ್ರಕಾರ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಬೆಟ್ ಕಳಿಸುವಂತಿಲ್ಲ. ಅದಕ್ಕೇ ಆಪ್ ಪದೇ ಪದೇ ನಿಮ್ಮ ಲೊಕೇಶನ್ ನೋಡುತ್ತದೆ. 2022ರ ಜನವರಿ 8ಕ್ಕೆ ಮೊದಲು ನ್ಯೂಯಾರ್ಕ್‌ನಲ್ಲಿ ಆಪ್ ಇರಲಿಲ್ಲ. ಆಗ ಮ್ಯಾನ್‌ಹಟನ್‌ನಿಂದ ಜನ ಪಾತ್ ರೈಲು ಹತ್ತಿ ನದಿ ಈಚೆ ನ್ಯೂಜೆರ್ಸಿಯ ಹೊಬೋಕನ್‌ಗೆ ಬರುತ್ತಿದ್ದರು. ಪ್ಲಾಟ್‌ಫಾರ್ಮ್‌ನಲ್ಲೇ ನಿಂತು ಎರಡು ನಿಮಿಷ ಫೋನ್ ಒತ್ತಿ, ಎದುರಿನ ರೈಲು ಹತ್ತಿ ವಾಪಸ್ ಹೋಗುತ್ತಿದ್ದರು. ನ್ಯೂಯಾರ್ಕ್ ಸರ್ಕಾರಕ್ಕೆ ಇದು ಕಾಣುತ್ತಿತ್ತು. ತನ್ನ ಜನರ ದುಡ್ಡು ಹಡ್ಸನ್ ನದಿ ದಾಟಿ ಹೋಗುತ್ತಿದೆ ಎನ್ನುವುದೇ ಅಲ್ಲಿನ ಕಾನೂನಿಗೆ ದೊಡ್ಡ ಒತ್ತಡವಾಯಿತು.

ರಾಜ್ಯ ತೆರಿಗೆ ಹಾಕುವುದು ಯಾವುದರ ಮೇಲೆ? ನಾನು ಕಟ್ಟುವ ಬೆಟ್ ಮೇಲಾ?

ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ಸಲೀಸು. ಒಂದು ಉದಾಹರಣೆ ತಗೊಳ್ಳೋಣ.

ಸಮಬಲದ ಎರಡು ತಂಡ. ಇಲ್ಲಿನ ವಾಡಿಕೆ ದರದಲ್ಲಿ 100 ಡಾಲರ್ ಗೆಲ್ಲಲು 110 ಕಟ್ಟಬೇಕು. ನೀವು ಒಂದು ತಂಡದ ಮೇಲೆ 110 ಕಟ್ಟಿದಿರಿ, ನಿಮ್ಮ ಸ್ನೇಹಿತ ಇನ್ನೊಂದರ ಮೇಲೆ 110 ಕಟ್ಟಿದ. ಕಂಪನಿಯ ಕೈಗೆ ಬಂದದ್ದು 220. ಗೆದ್ದವನಿಗೆ 210 ವಾಪಸ್. ಕಂಪನಿಗೆ ಉಳಿದದ್ದು 10. ಬಹುತೇಕ ರಾಜ್ಯಗಳು ತೆರಿಗೆ ಹಾಕುವುದು ಈ 10 ಡಾಲರ್ ಮೇಲೆ, 220ರ ಮೇಲೆ ಅಲ್ಲ.

ಈ 10 ಡಾಲರ್‌ನಲ್ಲಿ ನೆವಾಡಾ ತೆಗೆದುಕೊಳ್ಳುವುದು ಸುಮಾರು 68 ಸೆಂಟ್, ಅಂದರೆ ಶೇ 6.75. ನ್ಯೂಜೆರ್ಸಿ ಸುಮಾರು 1.98 ಡಾಲರ್ ತೆಗೆದುಕೊಳ್ಳುತ್ತದೆ. ಪೆನ್ಸಿಲ್ವೇನಿಯಾ 3.60. ನ್ಯೂಯಾರ್ಕ್ 5.10, ಅರ್ಧಕ್ಕಿಂತ ಜಾಸ್ತಿ. ಟೆನೆಸಿ ಮಾತ್ರ ಬೇರೆ ದಾರಿ ಹಿಡಿದಿದೆ. 2023ರ ಜುಲೈನಿಂದ ಅದು ಒಟ್ಟು ಬೆಟ್ ಮೊತ್ತದ ಮೇಲೇ ಶೇ 1.85 ಹಾಕುತ್ತದೆ. ಕೇಳಲು ಚಿಕ್ಕ ದರ. ಆದರೆ 220ರ ಮೇಲೆ ಅದು 4.07 ಡಾಲರ್ ಆಗುತ್ತದೆ! ಕಂಪನಿಗೆ ನಷ್ಟವಾದ ವಾರದಲ್ಲೂ ಕಟ್ಟಲೇಬೇಕು.

ಇದರ ಮೇಲೆ ಕೇಂದ್ರ ಸರ್ಕಾರದ ಪಾಲು ಬೇರೆ: ಒಟ್ಟು ಬೆಟ್‌ನ ಶೇ 0.25. ನಮ್ಮ ಲೆಕ್ಕದಲ್ಲಿ 55 ಸೆಂಟ್. 1951ರಲ್ಲಿ ಅಕ್ರಮ ಬುಕ್ಕಿಗಳನ್ನು ಹಿಡಿಯಲು ಶೇ 10 ದರದಲ್ಲಿ ಶುರುವಾದ ತೆರಿಗೆ ಇದು, ಇಳಿಯುತ್ತಾ ಇಳಿಯುತ್ತಾ ಇಲ್ಲಿಗೆ ಬಂದಿದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ 10 ಡಾಲರ್ ಬಂದದ್ದು ಸೋತವನ ಜೇಬಿನಿಂದ. ತೆರಿಗೆಯನ್ನು ಕಂಪನಿ ಕಟ್ಟುತ್ತದೆ ಎಂದು ಕಾಗದದಲ್ಲಿ ಇದ್ದರೂ ದುಡ್ಡು ಸೋತವರದು. ಜನ ಜಾಸ್ತಿ ಸೋತಷ್ಟೂ ರಾಜ್ಯಕ್ಕೆ ಜಾಸ್ತಿ ಬರುತ್ತದೆ. ನನಗೆ ಇದರಲ್ಲಿ ಸಮಾಧಾನ ಇಲ್ಲ.

ಒಂದೊಂದು ರಾಜ್ಯಕ್ಕೆ ದರ ಇಷ್ಟು ಬೇರೆ ಬೇರೆ ಯಾಕೆ?

ಶುರುವಿನಲ್ಲಿ ರಾಜ್ಯಗಳು ಕಂಪನಿಗಳನ್ನು ಕರೆಯಬೇಕಿತ್ತು, ಹಾಗಾಗಿ ಕಡಿಮೆ ಇಟ್ಟವು. ಅಯೋವಾ ಶೇ 6.75, ಮಿಷಿಗನ್ ಶೇ 8.4, ಕೊಲರಾಡೋ ಶೇ 10. ಆಮೇಲೆ ನ್ಯೂಯಾರ್ಕ್ ಶೇ 51 ಕೇಳಿತು, ಜೊತೆಗೆ 2.5 ಕೋಟಿ ಡಾಲರ್ ಲೈಸೆನ್ಸ್ ಶುಲ್ಕ. ಕಂಪನಿಗಳು ಬರುವುದಿಲ್ಲ ಎಂದು ಹಲವರು ಅಂದುಕೊಂಡಿದ್ದರು. ಬಂದವು, ಅಲ್ವಾ! ಅಷ್ಟು ದೊಡ್ಡ ಮಾರುಕಟ್ಟೆ ಬಿಡಲು ಯಾರಿಗೂ ಮನಸ್ಸಿರಲಿಲ್ಲ. ಈಗ ನ್ಯೂಯಾರ್ಕ್‌ಗೆ ವರ್ಷಕ್ಕೆ 100 ಕೋಟಿ ಡಾಲರ್ ಆಸುಪಾಸು ತೆರಿಗೆ ಬರುತ್ತಿದೆ.

ಅದನ್ನು ನೋಡಿ ಉಳಿದವರೂ ಏರಿಸುತ್ತಿದ್ದಾರೆ. ಒಹಾಯೊ 2023ರ ಜನವರಿಯಲ್ಲಿ ಶೇ 10ರಿಂದ ಶುರು ಮಾಡಿ ಆರೇ ತಿಂಗಳಲ್ಲಿ 20 ಮಾಡಿತು. 2025ರಲ್ಲಿ ಮೇರಿಲ್ಯಾಂಡ್ 15ರಿಂದ 20ಕ್ಕೆ, ಲೂಸಿಯಾನಾ 15ರಿಂದ 21.5ಕ್ಕೆ, ನಮ್ಮ ನ್ಯೂಜೆರ್ಸಿ 13ರಿಂದ 19.75ಕ್ಕೆ ಏರಿಸಿದವು. ನ್ಯೂ ಹ್ಯಾಂಪ್‌ಶೈರ್, ರೋಡ್ ಐಲೆಂಡ್‌ಗಳ ಕಥೆ ಬೇರೆ. ಅಲ್ಲಿ ಲಾಟರಿ ಇಲಾಖೆಯೇ ಯಜಮಾನ, ಕಂಪನಿ ಅದರ ಪಾಲುದಾರ.

ಶಿಕಾಗೋದಲ್ಲಿ ಪ್ರತಿ ಬೆಟ್‌ಗೂ 50 ಸೆಂಟ್ ಮುರಿದುಕೊಳ್ಳುತ್ತಿದ್ದಾರೆ. ಇದು ಸರ್ಕಾರದ್ದಾ?

ಅರ್ಧ ಹೌದು. ಶಿಕಾಗೋ ಇರುವ ಇಲಿನಾಯ್ ರಾಜ್ಯ 2024ರ ಜುಲೈನಲ್ಲಿ ಶೇ 15ರ ಒಂದೇ ದರ ಬಿಟ್ಟು, ಕಂಪನಿಯ ಗಾತ್ರ ನೋಡಿ ಶೇ 20ರಿಂದ 40ರ ತನಕ ಮಾಡಿತು. ಒಂದು ವರ್ಷ ಬಿಟ್ಟು, 2025ರ ಜುಲೈನಲ್ಲಿ, ಪ್ರತಿ ಬೆಟ್‌ಗೂ ಶುಲ್ಕ ತಂದಿತು. ಒಂದು ಕಂಪನಿಯ ಮೊದಲ 2 ಕೋಟಿ ಬೆಟ್‌ಗಳಿಗೆ ತಲಾ 25 ಸೆಂಟ್, ಆಮೇಲಿನ ಪ್ರತಿಯೊಂದಕ್ಕೂ 50 ಸೆಂಟ್. ಸರ್ಕಾರ ಕೇಳಿದ್ದು ಕಂಪನಿಯನ್ನು. ಫ್ಯಾನ್‌ಡ್ಯುಯೆಲ್, ಡ್ರಾಫ್ಟ್‌ಕಿಂಗ್ಸ್ ಎಂಬ ದೊಡ್ಡ ಬೆಟ್ಟಿಂಗ್ ಕಂಪನಿಗಳು ಅದನ್ನು ಆಡುವವರ ಮೇಲೆ ಹಾಕಿದವು. ಕೆಲವು ಕಂಪನಿಗಳು ಕನಿಷ್ಠ ಬೆಟ್ ಮೊತ್ತವನ್ನೇ ಏರಿಸಿದವು. 1 ಡಾಲರ್ ಕಟ್ಟುವವನಿಗೆ 50 ಸೆಂಟ್ ಎಂದರೆ ಅರ್ಧ ದುಡ್ಡು, 500 ಕಟ್ಟುವವನಿಗೆ ಗೊತ್ತೇ ಆಗುವುದಿಲ್ಲ. ಚಿಕ್ಕದಾಗಿ ಆಡಿ ಸುಮ್ಮನಿರುವವನಿಗೆ ಬರೆ ಎಳೆದು ದೊಡ್ಡ ಬೆಟ್‌ನವನನ್ನು ಬಿಡುವ ಈ ಲೆಕ್ಕ ತಲೆಕೆಳಗು ಎಂದೇ ನನ್ನ ಅಭಿಪ್ರಾಯ.

"ಫ್ರೀ ಬೆಟ್" ಕೊಡುತ್ತಾರಲ್ಲ, ಅದರ ಖರ್ಚು ಯಾರದು?

ಕೆಲವು ರಾಜ್ಯಗಳಲ್ಲಿ ಒಂದು ಪಾಲು ಸರ್ಕಾರದ್ದೇ. ಕಂಪನಿ ಹಂಚಿದ ಫ್ರೀ ಬೆಟ್ ಮೊತ್ತವನ್ನು ತೆರಿಗೆ ಲೆಕ್ಕದಿಂದ ಕಳೆಯಲು ಅಲ್ಲಿ ಬಿಡುತ್ತಾರೆ. ಕ್ಯಾನ್ಸಸ್‌ನಲ್ಲಿ 2023ರ ಫೆಬ್ರವರಿಯಲ್ಲಿ ಏನಾಯಿತು ನೋಡಿ. ಆ ತಿಂಗಳು ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ಫೈನಲ್, ಗೆದ್ದಿತ್ತು. ಜನ 19 ಕೋಟಿ ಡಾಲರ್‌ಗೂ ಮಿಕ್ಕಿ ಬೆಟ್ ಕಟ್ಟಿದ್ದರು. ತವರಿನ ತಂಡದ ಮೇಲೆ ಕಟ್ಟಿದವರೆಲ್ಲ ಗೆದ್ದರು, ಕಂಪನಿಗಳು ಫ್ರೀ ಬೆಟ್ ಮೊತ್ತವನ್ನೂ ಲೆಕ್ಕದಿಂದ ಕಳೆದವು, ರಾಜ್ಯದ ಬೊಕ್ಕಸಕ್ಕೆ ಬಂದದ್ದು 1,134 ಡಾಲರ್. ವರ್ಜೀನಿಯಾದಂಥ ಕೆಲವು ರಾಜ್ಯಗಳು ಈ ಕಳೆಯುವಿಕೆಗೆ ಮಿತಿ ಹಾಕಿವೆ.

ಆ ತೆರಿಗೆ ದುಡ್ಡು ಎಲ್ಲಿ ಹೋಗುತ್ತದೆ?

ನ್ಯೂಯಾರ್ಕ್‌ನಲ್ಲಿ ಬಹುಪಾಲು ಶಾಲೆಗಳಿಗೆ. ಟೆನೆಸಿಯಲ್ಲಿ ಶೇ 80 ಕಾಲೇಜು ಮಕ್ಕಳ ಸ್ಕಾಲರ್‌ಶಿಪ್‌ಗೆ, ಶೇ 15 ಸ್ಥಳೀಯ ಸಂಸ್ಥೆಗಳಿಗೆ, ಶೇ 5 ಮಾನಸಿಕ ಆರೋಗ್ಯ ಇಲಾಖೆಗೆ. ಕೊಲರಾಡೋದಲ್ಲಿ ನೀರಿನ ಯೋಜನೆಗಳಿಗೆ. ಕೊಲರಾಡೋ ನದಿ ಬತ್ತುತ್ತಿರುವ ರಾಜ್ಯ ಅದು, ಜನರೇ 2019ರಲ್ಲಿ ಮತ ಹಾಕಿ ಹಾಗೆ ತೀರ್ಮಾನಿಸಿದರು.

ನನಗೆ ಚುಚ್ಚುವ ಲೆಕ್ಕ ನ್ಯೂಯಾರ್ಕ್‌ದು. ವರ್ಷಕ್ಕೆ 100 ಕೋಟಿ ಆಸುಪಾಸು ಬರುವಲ್ಲಿ, ಜೂಜಿನ ಚಟಕ್ಕೆ ಬಿದ್ದವರ ಚಿಕಿತ್ಸೆ ಮತ್ತು ಜಾಗೃತಿಗೆ ಕಾನೂನು ಎತ್ತಿಟ್ಟಿದ್ದು 60 ಲಕ್ಷ ಡಾಲರ್. ಅಂದರೆ 100ಕ್ಕೆ 1 ಡಾಲರ್ ಕೂಡ ಇಲ್ಲ.

ಕಂಪನಿಗಳ ಮೇಲೆ ಕಣ್ಣಿಡುವವರು ಯಾರು?

ಪ್ರತಿ ರಾಜ್ಯಕ್ಕೂ ಒಂದು ಸಂಸ್ಥೆ ಇದೆ. ನ್ಯೂಜೆರ್ಸಿಯಲ್ಲಿ ಡಿವಿಷನ್ ಆಫ್ ಗೇಮಿಂಗ್ ಎನ್‌ಫೋರ್ಸ್‌ಮೆಂಟ್, ನೆವಾಡಾದಲ್ಲಿ ಗೇಮಿಂಗ್ ಕಂಟ್ರೋಲ್ ಬೋರ್ಡ್, ಮ್ಯಾಸಚೂಸೆಟ್ಸ್‌ನಲ್ಲಿ ಗೇಮಿಂಗ್ ಕಮಿಷನ್. ಫ್ಲಾರಿಡಾದಲ್ಲಿ ರಾಜ್ಯ ಸೆಮಿನೋಲ್ ಬುಡಕಟ್ಟಿನ ಜೊತೆ ಒಪ್ಪಂದ ಮಾಡಿಕೊಂಡಿದೆ. ಅಲ್ಲಿ ಆಪ್ ನಡೆಸುವುದು ಅವರೊಬ್ಬರೇ.

ಲೈಸೆನ್ಸ್ ಕೊಡುವ ಮೊದಲು ಕಂಪನಿಯ ಮಾಲೀಕರ ಹಿನ್ನೆಲೆ ಜಾಲಾಡುತ್ತಾರೆ. ಆಡುವವರ ದುಡ್ಡು ಬೇರೆ ಇಟ್ಟಿದ್ದಾರಾ, ವಯಸ್ಸು ಸರಿಯಾಗಿ ಪರೀಕ್ಷಿಸುತ್ತಾರಾ ಎಂದೆಲ್ಲ ನೋಡುತ್ತಾರೆ. ಹೆಚ್ಚಿನ ಕಡೆ ವಯಸ್ಸು 21. ರೋಡ್ ಐಲೆಂಡ್‌ನಂಥ ಕೆಲವು ಕಡೆ 18. ಮ್ಯಾಸಚೂಸೆಟ್ಸ್, ಅಯೋವಾಗಳಲ್ಲಿ ಕ್ರೆಡಿಟ್ ಕಾರ್ಡಿನಿಂದ ದುಡ್ಡು ಹಾಕುವಂತಿಲ್ಲ. ಸಾಲ ಮಾಡಿ ಆಡುವುದಕ್ಕೆ ಹಾಕಿದ ಬೇಲಿ ಅದು. ಎಲ್ಲ ರಾಜ್ಯಗಳೂ ಇಷ್ಟನ್ನಾದರೂ ಮಾಡಬೇಕು.

ಯಾವ ಆಟದ ಮೇಲೆ ಬೇಕಾದರೂ ಕಟ್ಟಬಹುದಾ? ಕ್ರಿಕೆಟ್?

ಪ್ರತಿ ರಾಜ್ಯದ ಸಂಸ್ಥೆಯೂ ಒಪ್ಪಿಗೆ ಇರುವ ಆಟಗಳ ಪಟ್ಟಿ ಇಡುತ್ತದೆ. ಹಲವು ಪಟ್ಟಿಗಳಲ್ಲಿ ಕ್ರಿಕೆಟ್ ಇದೆ. ನ್ಯೂಜೆರ್ಸಿ, ನ್ಯೂಯಾರ್ಕ್‌ಗಳಲ್ಲಿ ತಮ್ಮದೇ ರಾಜ್ಯದ ಕಾಲೇಜು ತಂಡಗಳ ಮೇಲೆ ಕಟ್ಟುವಂತಿಲ್ಲ.

ಒಬ್ಬನೇ ಆಟಗಾರ ಎಷ್ಟು ಅಂಕ ಗಳಿಸುತ್ತಾನೆ ಎನ್ನುವಂಥ ಬೆಟ್‌ಗಳೇ ಈಗ ತಲೆನೋವು. ಇಡೀ ತಂಡವನ್ನು ಸೋಲಿಸುವುದು ಕಷ್ಟ, ಒಬ್ಬ ಆಟಗಾರ ಬೇಗ ಮೈದಾನ ಬಿಡುವುದು ಸುಲಭ. ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಆಟಗಾರ ಜಾಂಟೇ ಪೋರ್ಟರ್ ಇದೇ ಕಾರಣಕ್ಕೆ 2024ರ ಏಪ್ರಿಲ್‌ನಲ್ಲಿ ಆಜೀವ ನಿಷೇಧಕ್ಕೆ ಒಳಗಾದ. ಅದೇ ವರ್ಷ ಒಹಾಯೊ ಕಾಲೇಜು ಆಟಗಾರರ ಮೇಲಿನ ಇಂಥ ಬೆಟ್‌ಗಳನ್ನು ನಿಲ್ಲಿಸಿತು.

ನಾನು ಒಟ್ಟಾರೆ ಸೋತಿದ್ದೇನೆ. ನನಗ್ಯಾಕೆ ಟ್ಯಾಕ್ಸ್?

ನನ್ನ ಬಳಿ ಬರುವವರು ಅತಿ ಹೆಚ್ಚು ಕೇಳುವುದು ಇದನ್ನೇ. ದಾವಣಗೆರೆ ಕಡೆಯ ಒಬ್ಬ ಹುಡುಗ 2024ರ ರಿಟರ್ನ್‌ಗೆ ಬಂದಿದ್ದ. ಒಬ್ಬಂಟಿ, ಬಾಡಿಗೆ ಮನೆ, ಸಂಬಳ 1,20,000 ಡಾಲರ್. "ಅಣ್ಣಾ, ಆಪ್‌ನಿಂದ ಯಾವ ಫಾರಂ ಕೂಡ ಬಂದಿಲ್ಲ, ಹಾಗಾಗಿ ತೋರಿಸೋದು ಬೇಡ ಅಲ್ವಾ?" ಎಂದ. ಫಾರಂ ಬಾರದೇ ಇದ್ದದ್ದು ನಿಜ. ಆ ವರ್ಷದ ನಿಯಮದಂತೆ ಗೆಲುವು 600 ಡಾಲರ್ ಮುಟ್ಟಿ, ಕಟ್ಟಿದ್ದರ 300 ಪಟ್ಟು ಇದ್ದರೆ ಮಾತ್ರ ಗೆಲುವಿನ ಮೊತ್ತ ತಿಳಿಸುವ ಡಬ್ಲ್ಯೂ-2ಜಿ ಫಾರಂ ಬರುತ್ತಿತ್ತು. 100 ಕಟ್ಟಿ 100 ಗೆಲ್ಲುವ ಬೆಟ್‌ಗೆ ಅದು ಎಂದೂ ಬರುವುದಿಲ್ಲ. ಆದರೆ ಫಾರಂ ಬರಲಿ ಬಿಡಲಿ, ಗೆದ್ದದ್ದು ಆದಾಯವೇ.

ಆಪ್‌ನಲ್ಲಿ ವರ್ಷದ ಲೆಕ್ಕದ ಪುಟ ಹುಡುಕಲು ನಮ್ಮಿಬ್ಬರಿಗೆ ಅರ್ಧ ಗಂಟೆ ಬೇಕಾಯಿತು. ಬೆಟ್ ಕಟ್ಟುವ ಬಟನ್ ಮೊದಲ ಪರದೆಯಲ್ಲೇ ಇದೆ. ಈ ಪುಟ ಐದಾರು ಮೆನುಗಳ ಕೆಳಗಿತ್ತು. ಕೊನೆಗೆ ತೆರೆಯಿತು. ಗೆದ್ದ ಬೆಟ್‌ಗಳಿಂದ 41,000. ಸೋತ ಬೆಟ್‌ಗಳಲ್ಲಿ 46,000. ಹುಡುಗನ ಹೆಬ್ಬೆರಳು ಪರದೆಯ ಮೇಲೆ ಹಾಗೇ ನಿಂತಿತು. ವರ್ಷವಿಡೀ ಅವನು ನೋಡಿದ್ದು ಬ್ಯಾಲೆನ್ಸ್ ಮಾತ್ರ, ಈ ಎರಡು ಅಂಕಿಗಳನ್ನು ಒಟ್ಟಿಗೆ ನೋಡಿದ್ದು ಅವತ್ತೇ ಮೊದಲು.

ಈಗ ಲೆಕ್ಕ. 41,000 ಪೂರ್ತಿ ಆದಾಯಕ್ಕೆ ಸೇರುತ್ತದೆ. ಸೋಲನ್ನು ಕಳೆಯಬಹುದು, ಆದರೆ ಗೆದ್ದಷ್ಟು ಮಾತ್ರ, ಅದೂ ಒಂದೊಂದೇ ಖರ್ಚು ತೋರಿಸಿ ಕಳೆಯುವ ದಾರಿಯಲ್ಲಿ ಹೋದರೆ ಮಾತ್ರ. ಹಾಗೆ ಹೋದರೆ ಒಬ್ಬಂಟಿಗೆ ಆ ವರ್ಷ ಸಿಗುತ್ತಿದ್ದ 14,600 ಡಾಲರ್‌ನ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಡಬೇಕು. ಅವನಿಗೆ 41,000 ಸೋಲು, ಜೊತೆಗೆ ಕಟ್ಟಿದ್ದ ರಾಜ್ಯ ತೆರಿಗೆ 5,600, ಒಟ್ಟು 46,600 ಕಳೆಯಲು ಸಿಕ್ಕಿತು. ಆಡದೇ ಇದ್ದಿದ್ದರೆ ಇದ್ದ ಆದಾಯಕ್ಕಿಂತ 9,000 ಡಾಲರ್ ಜಾಸ್ತಿ ಮೇಲೆ ತೆರಿಗೆ ಬಿತ್ತು. ಶೇ 24ರ ಸ್ಲ್ಯಾಬ್‌ನಲ್ಲಿ 2,160 ಡಾಲರ್. ಸೋತ 5,000 ಹೋಗಿತ್ತು, ಅದರ ಮೇಲೆ ಇದು.

ರಾಜ್ಯದ ತೆರಿಗೆಯಲ್ಲಿ ನ್ಯೂಜೆರ್ಸಿ ಅವನ ಪಾಲಿಗೆ ಒಳ್ಳೆಯದಾಯಿತು. ಇಲ್ಲಿ ಗೆಲುವಿನಿಂದ ಸೋಲನ್ನು ನೇರವಾಗಿ ಕಳೆಯಲು ಬಿಡುತ್ತಾರೆ. ಇಲಿನಾಯ್‌ನಲ್ಲೋ ಕನೆಕ್ಟಿಕಟ್‌ನಲ್ಲೋ ಇದ್ದಿದ್ದರೆ ಸೋಲಿಗೆ ಬೆಲೆಯೇ ಇಲ್ಲ, 41,000ಕ್ಕೂ ರಾಜ್ಯ ತೆರಿಗೆ ಕಟ್ಟಬೇಕಿತ್ತು. ಟೆನೆಸಿ, ನೆವಾಡಾ, ಫ್ಲಾರಿಡಾಗಳಲ್ಲಿ ಸಂಬಳದ ಮೇಲೇ ರಾಜ್ಯ ತೆರಿಗೆ ಇಲ್ಲ, ಆ ಪ್ರಶ್ನೆ ಬರುವುದಿಲ್ಲ.

2026ರಿಂದ ಇನ್ನೂ ಬಿಗಿ ಆಗಿದೆಯಂತೆ?

ಹೌದು. 2025ರ ಜುಲೈ 4ರಂದು ಸಹಿಯಾದ ಕೇಂದ್ರ ಕಾನೂನಿನ ಪ್ರಕಾರ 2026ರಿಂದ ಸೋಲಿನ ಶೇ 90 ಮಾತ್ರ ಕಳೆಯಬಹುದು. 40,000 ಗೆದ್ದು 40,000 ಸೋತರೆ ಕೈಯಲ್ಲಿ ಸೊನ್ನೆ, ಆದರೆ 4,000ಕ್ಕೆ ತೆರಿಗೆ. ಇದನ್ನು ತೆಗೆಯಬೇಕೆಂದು ಸಂಸತ್ತಿನಲ್ಲಿ ಮಸೂದೆಗಳು ಮಂಡನೆಯಾಗಿವೆ. ಇದೇ ಕಾನೂನಿನಿಂದ ಡಬ್ಲ್ಯೂ-2ಜಿ ಫಾರಂನ ಮಿತಿ 600ರಿಂದ 2,000 ಡಾಲರ್‌ಗೆ ಏರಿದೆ. ಫಾರಂ ಇನ್ನೂ ಕಡಿಮೆ ಜನಕ್ಕೆ ಬರುತ್ತದೆ. ಬಾರದಿದ್ದರೆ ತೆರಿಗೆ ಇಲ್ಲ ಎಂದುಕೊಳ್ಳಬೇಡಿ.

ನಾನು ಎಫ್-1 ವೀಸಾದ ವಿದ್ಯಾರ್ಥಿ. ನನಗೂ ಇದೇ ಲೆಕ್ಕವಾ?

ಅಲ್ಲ, ನಿಮಗೆ ಇನ್ನೂ ಕಷ್ಟ. ಹೆಚ್ಚಿನ ಎಫ್-1 ವಿದ್ಯಾರ್ಥಿಗಳು ಮೊದಲ ಐದು ವರ್ಷ ತೆರಿಗೆ ಲೆಕ್ಕದಲ್ಲಿ ಅನಿವಾಸಿಗಳು. ಗೆಲುವಿನ ಮೇಲೆ ನೇರ ಶೇ 30. ಸೋಲನ್ನು ಕಳೆಯುವ ಹಾಗೇ ಇಲ್ಲ. ಭಾರತ-ಅಮೆರಿಕ ತೆರಿಗೆ ಒಪ್ಪಂದದಲ್ಲೂ ಇದಕ್ಕೆ ರಿಯಾಯಿತಿ ಇಲ್ಲ. 5,000 ಗೆದ್ದು 6,000 ಸೋತ ವಿದ್ಯಾರ್ಥಿ 1,500 ಡಾಲರ್ ತೆರಿಗೆ ಕಟ್ಟಬೇಕು. ಒಂದು ಸೆಮಿಸ್ಟರ್‌ನ ಪುಸ್ತಕ, ಬಸ್ಸು, ಅಕ್ಕಿಬೇಳೆಯ ದುಡ್ಡು ಅದು. ದಯವಿಟ್ಟು ಆಡಬೇಡಿ. ಎಚ್-1ಬಿಯಲ್ಲಿ ಇದ್ದು ವರ್ಷದ ಬಹುಭಾಗ ಇಲ್ಲೇ ಇರುವವರಿಗೆ ಸಾಮಾನ್ಯವಾಗಿ ಇಲ್ಲಿನ ನಾಗರಿಕರದೇ ನಿಯಮ.

ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವವರು ಗಮನಿಸಿ: ಅರ್ಜಿಯಲ್ಲಿ ಅಕ್ರಮ ಜೂಜಿನ ಬಗ್ಗೆ ಪ್ರಶ್ನೆ ಇದೆ. ಲೈಸೆನ್ಸ್ ಇರುವ ಆಪ್ ಬೇರೆ, ವಾಟ್ಸಾಪ್ ಗುಂಪಿನ ಬುಕ್ಕಿ ಬೇರೆ.

ಕಾಲ್ಶಿ ಆಪ್ ಟೆಕ್ಸಾಸ್‌ನಲ್ಲೂ ನಡೆಯುತ್ತದಲ್ಲ?

ಕಾಲ್ಶಿ ಎಂದರೆ ಆಟದ ಫಲಿತಾಂಶದಂಥ ಘಟನೆಗಳ ಮೇಲೆ ದುಡ್ಡು ಹಾಕುವ ಆಪ್. ಕಂಪನಿಯವರು ಇದನ್ನು ಬೆಟ್ ಎನ್ನುವುದಿಲ್ಲ, ಹಣಕಾಸಿನ ಕರಾರು ಎನ್ನುತ್ತಾರೆ. "ನಮ್ಮ ಮೇಲೆ ಇಂಥ ಕರಾರುಗಳ ಮಾರುಕಟ್ಟೆ ನೋಡಿಕೊಳ್ಳುವ ಕೇಂದ್ರದ ಸಿಎಫ್‌ಟಿಸಿಗೆ ಮಾತ್ರ ಅಧಿಕಾರ, ರಾಜ್ಯಕ್ಕಿಲ್ಲ" ಎನ್ನುವುದು ಅವರ ವಾದ. ರಾಜ್ಯದ ಬೆಟ್ಟಿಂಗ್ ಲೈಸೆನ್ಸ್ ಇಲ್ಲ, ರಾಜ್ಯದ ಬೆಟ್ಟಿಂಗ್ ತೆರಿಗೆಯೂ ಇಲ್ಲ. ನೆವಾಡಾ, ನ್ಯೂಜೆರ್ಸಿ, ಮೇರಿಲ್ಯಾಂಡ್ 2025ರಲ್ಲೇ ನೋಟಿಸ್ ಕೊಟ್ಟವು. ಜಗಳ ಕೋರ್ಟಿನಲ್ಲಿದೆ.

ಬೆಂಗಳೂರಿಗೆ ರಜೆಗೆ ಹೋದಾಗ ಇಲ್ಲಿನ ಆಪ್ ತೆರೆಯಬಹುದಾ?

ಬೇಡ. ರಾಜ್ಯದ ಗಡಿ ದಾಟಿದರೆ ಆಪ್ ಬೆಟ್ ತೆಗೆದುಕೊಳ್ಳುವುದಿಲ್ಲ. ವಿಪಿಎನ್ ಹಾಕಿ ದಾರಿ ಮಾಡಿಕೊಂಡರೆ ಖಾತೆಯೇ ಮುಚ್ಚಬಹುದು. ಭಾರತದ ಸಂವಿಧಾನದಲ್ಲೂ ಜೂಜು ರಾಜ್ಯಗಳ ಪಟ್ಟಿಯ ವಿಷಯ. ಆದರೆ 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ತಂದ ಕಾನೂನು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನೇ ನಿಷೇಧಿಸಿತು. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಕುದುರೆ ರೇಸಿನ ಮಾತು ಬೇರೆ, ಅದಕ್ಕೆ ಕರ್ನಾಟಕದಲ್ಲಿ 1952ರಿಂದ ಲೈಸೆನ್ಸ್ ಕಾಯ್ದೆ ಇದೆ.

ನಿಲ್ಲಿಸಬೇಕು ಅನಿಸಿದೆ. ಆಪ್ ತೆಗೆದುಹಾಕಿದರೆ ಸಾಕಾ?

ಸಾಲದು. ಮತ್ತೆ ಹಾಕಿಕೊಳ್ಳಲು ಒಂದು ನಿಮಿಷ ಸಾಕು. ರಾಜ್ಯದ ಸಂಸ್ಥೆಯ ಬಳಿ ನಿಮ್ಮ ಹೆಸರನ್ನು ಹೊರಗಿಡುವ ಪಟ್ಟಿಗೆ ಸೇರಿಸಿ. ನ್ಯೂಜೆರ್ಸಿಯಲ್ಲಿ ಒಂದು ವರ್ಷ, ಐದು ವರ್ಷ ಹೀಗೆ ಅವಧಿ ಆರಿಸಬಹುದು. ಆ ಅವಧಿಯಲ್ಲಿ ಇಲ್ಲಿ ಲೈಸೆನ್ಸ್ ಇರುವ ಯಾವ ಕಂಪನಿಯೂ ನಿಮ್ಮ ಬೆಟ್ ತಗೊಳ್ಳುವಂತಿಲ್ಲ. ಹೇಗೋ ನುಸುಳಿ ಆಡಿ ಗೆದ್ದರೂ ಆ ದುಡ್ಡು ನಿಮ್ಮದಾಗುವುದಿಲ್ಲ. ಒಂದು ರಾಜ್ಯದ ಪಟ್ಟಿ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ, ನದಿ ಆಚೆ ಕೆಲಸವಿದ್ದರೆ ಅಲ್ಲಿಯೂ ಹೆಸರು ಕೊಡಿ. ಮಾತಾಡಲು ಯಾರಾದರೂ ಬೇಕಿದ್ದರೆ ಜೂಜಿನ ಚಟದ ಸಹಾಯವಾಣಿ 1-800-426-2537ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಯಾವಾಗ ಬೇಕಾದರೂ. ದಾವಣಗೆರೆಯ ಹುಡುಗ ಆ ಫಾರಂ ತುಂಬಿದ್ದು ನನ್ನ ಅಡುಗೆಮನೆಯ ಟೇಬಲ್ ಮೇಲೆ, ಐದು ವರ್ಷಕ್ಕೆ.